ಕನ್ನಡಿಯೊಳಗಿನ ಕೂಸು



ವರ್ಷದ ಕೂಸಿನ ಹಣೆಗೆ ವಿಭೂತಿಯಿಟ್ಟು ಕನ್ನಡಿಯ ಮುಂದೆ ಕೂರಿಸಿರಿ. ಒಳಗಿನ ಕೂಸನ್ನು ಕಂಡು ಅದು ನಗುವುದು, ಮುದ್ದಿಡುವುದು; ಕನ್ನಡಿಯ ಹಿಂದೆ ಹೋಗಿ ಹುಡುಕುವುದೂ ಉಂಟು. ತನ್ನ ಹಣೆಯನ್ನು ಮಾತ್ರ ಮುಟ್ಟಿಕೊಳ್ಳದು. ಮಕ್ಕಳ ಮೂಗಿಗೆ ಕೆಂಪು ಹಚ್ಚಿ ಕನ್ನಡಿ ತೋರಿಸಿದ ಪರೀಕ್ಷೆಯೊಂದನ್ನು ಬ್ಯೂಲಾ ಆಮ್‌ಸ್ಟರ್ಡಾಮ್ ಎಂಬ ಮನಶ್ಶಾಸ್ತ್ರಜ್ಞೆ 1972ರಲ್ಲಿ ಪ್ರಕಟಿಸಿದರು. ಒಂದೂವರೆ ವರ್ಷದಿಂದ ಎರಡರೊಳಗೆ ಬಹುಪಾಲು ಮಕ್ಕಳ ಕೈ ಕನ್ನಡಿಯನ್ನು ಬಿಟ್ಟು ತಮ್ಮ ಮೂಗಿಗೇ ಹೋಗುವುದು. ‘ಈ ಕೂಸು ನಾನು’ ಎಂಬ ಅರಿವು ಮೂಡುವ ಕಾಲವದು.

ಆ ಬಳಿಕ ಮನೆಯೆಲ್ಲ ರಂಪ! ಚಮಚ, ಚೊಂಬು, ಅಜ್ಜನ ಊರುಗೋಲು, ಎಲ್ಲವೂ ‘ನಂದು’. ಉಣ್ಣು ಎಂದರೆ ‘ಒಲ್ಲೆ’. ತಟ್ಟೆಯನ್ನು ಸರಿಸಿದರೆ ಅಳು. ಇಷ್ಟು ಎಳೆತನದಲ್ಲಿಯೇ ಅಹಂಕಾರವೇ ಎಂದು ಹಿರಿಯರು ಗದರುವರು. ‘ನಾನು’ ಅಳಿಯಬೇಕೆಂದು ಸಾರುವವರು ನಾವೂ ಹೌದು. ಆದರೆ ಹುಟ್ಟದೆ ಇರುವುದು ಅಳಿಯುವುದೆಂತು?

ಇದೇ ವಯಸ್ಸಿನಲ್ಲಿ ಇನ್ನೊಂದನ್ನೂ ಕಾಣುವಿರಿ. ಮೊದಲು, ಅಳುವ ದನಿ ಕೇಳಿದರೆ ತಾನೂ ಅಳುತ್ತಿದ್ದ ಕೂಸು ಈಗ ಸುಮ್ಮನೆ ತಾಯಿಯ ಮುಖ ನೋಡುವುದು. ದುಃಖ ಅವಳದು, ತನ್ನದಲ್ಲ ಎಂದು ತಿಳಿಯತೊಡಗಿದುದರಿಂದಲೇ ಇರಬೇಕು, ಸಂತೈಸಲು ಬರುವುದು. ಯಾರಿಗೂ ಮುಟ್ಟಗೊಡದ ಚಿಂದಿಗೊಂಬೆಯನ್ನು, ಜೊಲ್ಲು ಸಮೇತ, ತಂದು ಅವಳ ಮಡಿಲಲ್ಲಿ ಇಡುವುದು.