ಸ್ವಾತಂತ್ರ್ಯಕ್ಕೊಂದು ಮಾರ್ಕ್ಸ್ ಕಾರ್ಡ್

ಅಮೆರಿಕದ 50 ರಾಜ್ಯಗಳನ್ನೂ ಸಾಲಾಗಿ ನಿಲ್ಲಿಸಿ, ಯಾವುದರಲ್ಲಿ ಸ್ವಾತಂತ್ರ್ಯ ಎಷ್ಟಿದೆ ಅಂತ ಅಳೆದು ರ‍್ಯಾಂಕ್ ಕೊಡುವವರಿದ್ದಾರೆ. ವಿಲಿಯಂ ರೂಗರ್ ಮತ್ತು ಜೇಸನ್ ಸೋರೆನ್ಸ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು 2009ರಲ್ಲಿ ಈ ಕೆಲಸ ಶುರು ಮಾಡಿದರು. ಈಗ ಅದನ್ನು ಕೇಟೋ ಇನ್‌ಸ್ಟಿಟ್ಯೂಟ್ ಪ್ರಕಟಿಸುತ್ತದೆ. ತೆರಿಗೆ ಎಷ್ಟು, ಮನೆ ಕಟ್ಟೋಕೆ ಎಷ್ಟು ನಿಯಮ, ಯಾವ ಕೆಲಸಕ್ಕೆ ಲೈಸೆನ್ಸ್ ಬೇಕು, ಬಂದೂಕು ಇಟ್ಟುಕೊಳ್ಳಬಹುದಾ, ಗಾಂಜಾ ಸೇದಬಹುದಾ, ಜೂಜಾಡಬಹುದಾ, ಜೈಲಲ್ಲಿ ಎಷ್ಟು ಜನ ಇದ್ದಾರೆ - ಹೀಗೆ ಇನ್ನೂರಕ್ಕೂ ಹೆಚ್ಚು ವಿಷಯ ಸೇರಿಸಿ ಒಟ್ಟು ಅಂಕ ಹಾಕುತ್ತಾರೆ. 2021 ಮತ್ತು 2023ರ ಪಟ್ಟಿಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಫಸ್ಟು, ನ್ಯೂಯಾರ್ಕ್ ಲಾಸ್ಟು. ನಮ್ಮವರು ಗುಂಪುಗುಂಪಾಗಿ ಹೋಗಿ ನೆಲೆಸಿರುವ ಕ್ಯಾಲಿಫೋರ್ನಿಯಾ ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತದೆ. ಟೆಕ್ಸಾಸ್ ಆರ್ಥಿಕ ಸ್ವಾತಂತ್ರ್ಯದಲ್ಲಿ ಮೇಲೆ, ವೈಯಕ್ತಿಕ ಸ್ವಾತಂತ್ರ್ಯದಲ್ಲಿ ತಳದ ಹತ್ತಿರ.

ಓದಿದಾಗ ನನಗೆ ನೆನಪಾಗಿದ್ದು ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಅದರಲ್ಲೂ ಕೊನೆಗೊಂದು ಟೋಟಲ್ ಇರುತ್ತೆ, ಊರೆಲ್ಲ ಕೇಳೋದು ಅದನ್ನೇ. ಆದರೆ ಗಣಿತದಲ್ಲಿ 98 ತೆಗೆದ ಹುಡುಗ ಇಂಗ್ಲಿಷಲ್ಲಿ 15 ತೆಗೆದರೆ, 'ಪರವಾಗಿಲ್ಲ ಬಿಡಪ್ಪ, ಆವರೇಜ್ ಚೆನ್ನಾಗಿದೆ' ಅಂತ ಯಾರೂ ಪಾಸು ಮಾಡುವುದಿಲ್ಲ. ಸ್ವಾತಂತ್ರ್ಯದ ವಿಷಯದಲ್ಲಿ ಹಾಗೆ ಪಾಸು ಮಾಡಬಹುದಾ? ಒಂದು ಸ್ವಾತಂತ್ರ್ಯದ ಕೊರತೆಯನ್ನು ಇನ್ನೊಂದರ ಹೆಚ್ಚಳದಿಂದ ತುಂಬಿಸಿಕೊಳ್ಳಬಹುದಾ? ಈ ಲೇಖನ ಇರುವುದು ಆ ಪ್ರಶ್ನೆಯ ಬಗ್ಗೆ.

ಮೊದಲು ಫಸ್ಟ್ ರ‍್ಯಾಂಕಿನ ವಿದ್ಯಾರ್ಥಿಯನ್ನೇ ನೋಡೋಣ. ನ್ಯೂ ಹ್ಯಾಂಪ್‌ಶೈರಿನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಅಂಗಡಿಯಲ್ಲಿ ಸಾಮಾನು ಕೊಂಡರೆ ಸಾಮಾನ್ಯ ಮಾರಾಟ ತೆರಿಗೆಯೂ ಇಲ್ಲ. ದೊಡ್ಡವರು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಲೇಬೇಕು ಅನ್ನುವ ಕಾನೂನಿಲ್ಲದ ಏಕೈಕ ರಾಜ್ಯ ಅದು. 'ಬದುಕಿದರೆ ಸ್ವತಂತ್ರವಾಗಿ, ಇಲ್ಲದಿದ್ದರೆ ಸಾವು' ಎಂಬರ್ಥದ ಮಾತು ಅದರ ಅಧಿಕೃತ ಘೋಷವಾಕ್ಯ. ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದನ್ನೇ ಅಚ್ಚು ಹಾಕುತ್ತಾರೆ.

ಈ ನಂಬರ್ ಪ್ಲೇಟಿಗೊಂದು ಕಥೆ ಇದೆ. ಎಪ್ಪತ್ತರ ದಶಕದಲ್ಲಿ ಜಾರ್ಜ್ ಮೇನಾರ್ಡ್ ಅನ್ನೋ ಮನುಷ್ಯ ತನ್ನ ಕಾರಿನ ಪ್ಲೇಟಿನ ಮೇಲಿದ್ದ ಆ ಘೋಷವಾಕ್ಯವನ್ನು ಮುಚ್ಚಿಬಿಟ್ಟ. ಅವನು ಯೆಹೋವನ ಸಾಕ್ಷಿಗಳ ಪಂಥದವನು, ಆ ಮಾತು ಅವನ ನಂಬಿಕೆಗೆ ಒಗ್ಗುವಂಥದ್ದಲ್ಲ. ಪೊಲೀಸರು ದಂಡ ಹಾಕಿದರು. ದಂಡ ಕಟ್ಟಲ್ಲ ಅಂದ. 15 ದಿನ ಜೈಲಿಗೆ ಕಳಿಸಿದರು. ಅಂದರೆ 'ಸ್ವತಂತ್ರವಾಗಿ ಬದುಕು' ಅನ್ನುವ ಮಾತನ್ನು ಮುಚ್ಚಿದ್ದಕ್ಕೆ ಒಬ್ಬನ ಸ್ವಾತಂತ್ರ್ಯವನ್ನೇ ಕಿತ್ತುಕೊಂಡರು! 1977ರಲ್ಲಿ ಸುಪ್ರೀಂ ಕೋರ್ಟು ಮೇನಾರ್ಡ್ ಪರವಾಗಿ ತೀರ್ಪು ಕೊಟ್ಟಿತು. ಇವತ್ತಿಗೂ ಅದೇ ರಾಜ್ಯದಲ್ಲಿ ಮದ್ಯದ ಬಾಟಲಿ ಬೇಕಂದರೆ ಸರ್ಕಾರ ನಡೆಸುವ ಅಂಗಡಿಗೆ ಹೋಗಬೇಕು. ಅಕ್ಕಪಕ್ಕದ ರಾಜ್ಯಗಳೆಲ್ಲ ಗಾಂಜಾವನ್ನು ಕಾನೂನುಬದ್ಧ ಮಾಡಿದರೂ ಅಲ್ಲಿ ಮೋಜಿಗೆ ಸೇದುವವರಿಗೆ ಅಂಗಡಿಯಿಲ್ಲ. ಇನ್ನೊಂದು ಮಾತು: ಪಟ್ಟಿ ಮಾಡಿದ ಇಬ್ಬರಲ್ಲಿ ಒಬ್ಬರಾದ ಸೋರೆನ್ಸ್, ಸ್ವಾತಂತ್ರ್ಯಪ್ರಿಯರೆಲ್ಲ ಒಂದೇ ಸಣ್ಣ ರಾಜ್ಯಕ್ಕೆ ವಲಸೆ ಹೋಗೋಣ ಅಂತ 2001ರಲ್ಲಿ ಕರೆ ಕೊಟ್ಟವರು. 2003ರಲ್ಲಿ ಆ ಚಳವಳಿ ಆರಿಸಿಕೊಂಡ ರಾಜ್ಯ ಇದೇ ನ್ಯೂ ಹ್ಯಾಂಪ್‌ಶೈರ್. ಹಾಗಂತ ಪಟ್ಟಿ ಮೋಸ ಅಂತಲ್ಲ, ಅವರ ಲೆಕ್ಕ ಎಲ್ಲರಿಗೂ ತೆರೆದಿದೆ. ಆದರೆ ಅಳತೆಗೋಲು ಹಿಡಿದವರಿಗೂ ಒಂದು ಊರು ಇರುತ್ತೆ ಅನ್ನೋದು ನೆನಪಿರಲಿ.

ಇಷ್ಟು ಹೇಳಿ ಇಂಥ ಪಟ್ಟಿಗಳನ್ನು ಕಸದ ಬುಟ್ಟಿಗೆ ಹಾಕುವುದು ಸುಲಭ. ಆದರೆ ಅದು ನ್ಯಾಯ ಅಲ್ಲ. ಯಾಕಂದ್ರೆ ಅಳೆಯದೇ ಇದ್ದರೆ ಕಣ್ಣಿಗೇ ಬೀಳದ ಕೆಲವು ಸಂಕೋಲೆಗಳಿವೆ. ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಐಸಿಸ್ ಬ್ರಾಂಟ್ಲಿ ಎಂಬ ಹೆಣ್ಣುಮಗಳು ಆಫ್ರಿಕನ್ ಶೈಲಿಯಲ್ಲಿ ಜಡೆ ಹೆಣೆಯುತ್ತಿದ್ದರು. ತಲತಲಾಂತರದಿಂದ ಕೈಯಿಂದ ಕೈಗೆ ಬಂದ ವಿದ್ಯೆ. ಕತ್ತರಿ ಇಲ್ಲ, ಕೆಮಿಕಲ್ ಇಲ್ಲ. ಲೈಸೆನ್ಸ್ ಇಲ್ಲದೆ ಜಡೆ ಹಾಕಿದ್ದಕ್ಕೆ 1997ರಲ್ಲಿ ಅವರನ್ನು ಬಂಧಿಸಿದರು. ಹೋರಾಟ ಮುಗಿದು, ಜಡೆ ಹೆಣೆಯೋಕೆ ಲೈಸೆನ್ಸ್ ಬೇಡ ಅಂತ ಟೆಕ್ಸಾಸ್ ಒಪ್ಪಿಕೊಂಡಿದ್ದು 2015ರಲ್ಲಿ. 'ಆರ್ಥಿಕ ಸ್ವಾತಂತ್ರ್ಯ' ಅಂದ ಕೂಡಲೇ ನಮಗೆ ಕೋಟ್ಯಧಿಪತಿಗಳ ತೆರಿಗೆ ಮಾತ್ರ ನೆನಪಾಗುತ್ತೆ. ಬ್ರಾಂಟ್ಲಿಯವರಿಗೆ ಅದು ದಿನದ ಅನ್ನ. ಯಾವ ರಾಜ್ಯದಲ್ಲಿ ಯಾವ ಕೆಲಸಕ್ಕೆ ಎಷ್ಟು ಗಂಟೆ ತರಬೇತಿ, ಎಷ್ಟು ಫೀಸು ಅಂತ ಕೂತು ಲೆಕ್ಕ ಹಾಕಿದವರಿಂದಲೇ ಇಂಥ ಅನ್ಯಾಯ ಸುದ್ದಿಯಾಗೋದು. ಅಳತೆಗೆ ಆ ಪುಣ್ಯ ಸಲ್ಲಬೇಕು.

ತೊಡಕು ಶುರುವಾಗೋದು ಕೂಡುವಾಗ.

ಅದೇ ಟೆಕ್ಸಾಸಿಗೆ ಬನ್ನಿ. ಅಲ್ಲಿನ ಬೇಸಿಗೆ ನಮ್ಮ ರಾಯಚೂರಿನವರಿಗೆ ವಿವರಿಸಬೇಕಾಗಿಲ್ಲ. ಕಟ್ಟಡ ಕಾರ್ಮಿಕರಿಗೆ ಪ್ರತಿ 4 ಗಂಟೆಗೆ 10 ನಿಮಿಷ ವಿರಾಮ ಕೊಡಬೇಕು ಅಂತ ಆಸ್ಟಿನ್ ನಗರ 2010ರಲ್ಲಿ, ಡಲ್ಲಾಸ್ 2015ರಲ್ಲಿ ನಿಯಮ ಮಾಡಿದ್ದವು. ಊರಿಗೊಂದು ನಿಯಮ ಇದ್ದರೆ ವ್ಯಾಪಾರಕ್ಕೆ ತೊಂದರೆ ಅಂತ ಹೇಳಿ, ಇಂಥ ನಗರ ನಿಯಮಗಳನ್ನು ಬದಿಗೊತ್ತುವ ಕಾಯ್ದೆಯನ್ನು ರಾಜ್ಯ 2023ರಲ್ಲಿ ತಂದಿತು. ಅದರ ಬಗ್ಗೆ ಕೋರ್ಟಿನಲ್ಲಿ ಜಗಳವೂ ಆಯಿತು. ಈಗ ಹೇಳಿ, ಸ್ವಾತಂತ್ರ್ಯ ಹೆಚ್ಚಾಯ್ತಾ ಕಡಿಮೆಯಾಯ್ತಾ? ಬಿಲ್ಡರನ ಕಡೆಯಿಂದ ನೋಡಿದರೆ ಒಂದು ಕಟ್ಟುಪಾಡು ಹೋಯಿತು. ಗಾರೆ ಕೆಲಸದವನ ಕಡೆಯಿಂದ ನೋಡಿದರೆ ನೆರಳಿಗೆ ಹೋಗಿ ನೀರು ಕುಡಿಯೋಕೆ ಮೇಸ್ತ್ರಿಯ ಮುಖ ನೋಡಬೇಕಾಯಿತು. ಎರಡೂ ನಿಜ. 'ಸರ್ಕಾರದ ಬಲವಂತ ಇಲ್ಲದಿರೋದೇ ಸ್ವಾತಂತ್ರ್ಯ' ಅನ್ನೋ ವ್ಯಾಖ್ಯೆ ಮೊದಲನೆಯದನ್ನು ಮಾತ್ರ ಎಣಿಸುತ್ತದೆ. 'ಮನುಷ್ಯ ನಿಜವಾಗಿ ಏನು ಮಾಡಬಲ್ಲ, ಏನಾಗಬಲ್ಲ' ಎಂದು ಕೇಳುವ ಅಮರ್ತ್ಯ ಸೇನ್ ಅವರ ದಾರಿಯಲ್ಲಿ ಹೋದರೆ ಎರಡನೆಯದನ್ನೂ ಎಣಿಸಲೇಬೇಕು.

ಇದನ್ನು ಎಡ-ಬಲದ ಜಗಳ ಅಂತ ಪಕ್ಕಕ್ಕಿಡಬೇಡಿ. ನಮ್ಮಂಥ ಐಟಿ ಮಂದಿಗೆ ನೇರವಾಗಿ ತಟ್ಟುವ ಉದಾಹರಣೆ ಇದೆ. ಕೆಲಸ ಬಿಟ್ಟ ಮೇಲೆ ಇಷ್ಟು ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ ಅನ್ನೋ ಷರತ್ತನ್ನು ಅಮೆರಿಕದ ಬಹಳಷ್ಟು ರಾಜ್ಯಗಳು ಏನಾದರೊಂದು ರೀತಿಯಲ್ಲಿ ಒಪ್ಪುತ್ತವೆ. ಕ್ಯಾಲಿಫೋರ್ನಿಯಾ ಒಪ್ಪಲ್ಲ. 1872ರಿಂದಲೇ ಅಲ್ಲಿ ಇಂಥ ಷರತ್ತಿಗೆ ಬೆಲೆಯಿಲ್ಲ, ನೀವೇ ಖುಷಿಯಿಂದ ಸಹಿ ಹಾಕಿದ್ದರೂ ಅಷ್ಟೇ. ಪುಸ್ತಕದ ಪ್ರಕಾರ ಇದು 'ಒಪ್ಪಂದದ ಸ್ವಾತಂತ್ರ್ಯ'ದ ಮೇಲೆ ಸರ್ಕಾರದ ಕಡಿವಾಣ. ಆದರೆ ಈ ಕಡಿವಾಣ ಇದ್ದಿದ್ದರಿಂದಲೇ ಸಿಲಿಕಾನ್ ವ್ಯಾಲಿಯಲ್ಲಿ ಎಂಜಿನಿಯರುಗಳು ಬೆಳಿಗ್ಗೆ ಒಂದು ಕಂಪನಿ ಬಿಟ್ಟು ಸಂಜೆ ಎದುರು ಕಂಪನಿ ಸೇರಿ, ಮರುವರ್ಷ ತಮ್ಮದೇ ಕಂಪನಿ ಕಟ್ಟಿದರು. ಬಾಸ್ಟನ್ ಸುತ್ತಲಿನ ಕಂಪ್ಯೂಟರ್ ಉದ್ಯಮ ಹಿಂದೆ ಬಿದ್ದು ಕ್ಯಾಲಿಫೋರ್ನಿಯಾ ಮುಂದೆ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ಕಾನೂನು ಪಂಡಿತ ರೊನಾಲ್ಡ್ ಗಿಲ್ಸನ್ 1999ರಲ್ಲೇ ವಾದಿಸಿದ್ದರು. ಒಂದು ಸ್ವಾತಂತ್ರ್ಯ ಕಿತ್ತುಕೊಂಡು ಇನ್ನೊಂದನ್ನು ಕೊಟ್ಟ ಕಾನೂನು ಇದು. ಇದಕ್ಕೆ ಪ್ಲಸ್ ಮಾರ್ಕ್ ಹಾಕ್ತೀರೋ ಮೈನಸ್ಸೋ? ಯಾವುದನ್ನು ಹಾಕಿದರೂ ನೀವು ಗಣಿತ ಮಾಡುತ್ತಿಲ್ಲ, ಯಾರ ಪರ ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತಿದ್ದೀರಿ.

ಆ ಪಟ್ಟಿಯವರು ತೂಕ ಹಾಕೋದು ಹೇಗೆ ಗೊತ್ತಾ? ಯಾರ ಸ್ವಾತಂತ್ರ್ಯಕ್ಕೆ ಅಡ್ಡಿಯಾಗಿದೆಯೋ ಅವರಿಗೆ ಆ ಸ್ವಾತಂತ್ರ್ಯ ಎಷ್ಟು ಡಾಲರ್ ಬಾಳುತ್ತದೆ ಅಂತ ಅಂದಾಜು ಮಾಡಿ. ಎಲ್ಲಕ್ಕೂ ಸಮಾನ ತೂಕ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಡಾಲರಿನಲ್ಲಿ ಕೂಡುವಾಗ ಲಕ್ಷಾಂತರ ಜನರ ಸಣ್ಣ ಸಣ್ಣ ಲಾಭ, ಕೆಲವೇ ಜನರ ಪೂರ್ತಿ ಬದುಕನ್ನು ಮುಚ್ಚಿಹಾಕಬಲ್ಲದು. ಇನ್ನು ಗರ್ಭಪಾತದಂಥ ಪ್ರಶ್ನೆ ಬಂದಾಗ, ಯಾವುದು ಸ್ವಾತಂತ್ರ್ಯ ಅನ್ನೋದರಲ್ಲೇ ಒಮ್ಮತ ಇಲ್ಲ ಅಂತ ಅದನ್ನು ಮುಖ್ಯ ಲೆಕ್ಕದಿಂದ ಹೊರಗಿಟ್ಟು ಬೇರೆ ಪಟ್ಟಿಗಳನ್ನು ಕೊಡುತ್ತಾರೆ. ಅದು ಪ್ರಾಮಾಣಿಕ ನಡೆಯೇ. ಆದರೂ 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ರಾಜ್ಯಗಳಿಗೆ ಬಿಟ್ಟ ಮೇಲೆ, ಯಾವ ರಾಜ್ಯದಲ್ಲಿ ಬದುಕುವುದು ಅಂತ ಯೋಚಿಸುವ ಎಷ್ಟೋ ಹೆಣ್ಣುಮಕ್ಕಳಿಗೆ ಇದೇ ಮೊದಲ ಪ್ರಶ್ನೆ. ಟೋಟಲ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ.

ನನ್ನ ದೊಡ್ಡಮ್ಮನ ಮಗ ಸ್ಯಾನ್ ಹೋಸೆ ಬಿಟ್ಟು ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಮನೆ ಬದಲಾಯಿಸಿದ. ಫೋನಿನಲ್ಲಿ, "ಸ್ಟೇಟ್ ಟ್ಯಾಕ್ಸ್ ಇಲ್ಲ ಕಣೋ, ಅಲ್ಲಿ ಅಪಾರ್ಟ್‌ಮೆಂಟಿಗೆ ಕೊಡ್ತಿದ್ದ ಬಾಡಿಗೇಲಿ ಇಲ್ಲಿ ದೊಡ್ಡ ಮನೆ ಬಂತು" ಅಂದ. "ಹಂಗಾದ್ರೆ ಈಗ ಫ್ರೀ ಬರ್ಡ್ ಅನ್ನಣ್ಣ" ಅಂತ ಛೇಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಎಚ್-1ಬಿ ಅಲ್ವೇನೋ, ಕೆಲಸ ಹೋದ್ರೆ ಅರವತ್ತು ದಿನ. ಅದು ಎಲ್ಲಾ ಸ್ಟೇಟಲ್ಲೂ ಅರವತ್ತೇ" ಅಂದ. ಅವನ ಮಾತಿನಲ್ಲಿ ಇಡೀ ಪಟ್ಟಿಗೊಂದು ಟಿಪ್ಪಣಿ ಇದೆ. ವೀಸಾ ಕೇಂದ್ರ ಸರ್ಕಾರದ ವಿಷಯ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಸಾಲು ವರ್ಷಗಟ್ಟಲೆ ಉದ್ದ. ಅವನ ಹೆಂಡತಿಯಂಥ ಅವಲಂಬಿತರಿಗೆ ಕೆಲಸ ಮಾಡುವ ಅನುಮತಿ ಸಿಗತೊಡಗಿದ್ದೇ 2015ರಲ್ಲಿ, ಅದೂ ಗ್ರೀನ್ ಕಾರ್ಡಿನ ದಾರಿಯಲ್ಲಿ ಇಂತಿಷ್ಟು ದೂರ ಬಂದವರ ಸಂಗಾತಿಗಳಿಗೆ ಮಾತ್ರ. ಒಂದೇ ಬೀದಿ, ಒಂದೇ ರಾಜ್ಯ, ಒಂದೇ ರ‍್ಯಾಂಕು. ಪಕ್ಕದ ಮನೆಯ ನಾಗರಿಕನ ಸ್ವಾತಂತ್ರ್ಯವೇ ಬೇರೆ, ಇವನ ಸ್ವಾತಂತ್ರ್ಯವೇ ಬೇರೆ. ರಾಜ್ಯಕ್ಕೆ ಅಂಕ ಬರಬಹುದು, ಸ್ವಾತಂತ್ರ್ಯ ಅನುಭವಿಸೋದು ಮಾತ್ರ ಮನುಷ್ಯ.

ಇದಕ್ಕೆಲ್ಲ ಒಂದು ಸಿದ್ಧ ಉತ್ತರ ಇದೆ: 'ಇಷ್ಟವಾಗದಿದ್ದರೆ ಬೇರೆ ರಾಜ್ಯಕ್ಕೆ ಹೋಗಿ.' ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೌ 1956ರಲ್ಲಿ ಇದಕ್ಕೊಂದು ಸಿದ್ಧಾಂತವನ್ನೇ ಕೊಟ್ಟರು. ಜನ ತಮಗೆ ಬೇಕಾದ ತೆರಿಗೆ-ಸೌಲಭ್ಯದ ಜೋಡಿ ಇರುವ ಊರಿಗೆ ಹೋಗುತ್ತಾರೆ, ಕಾಲಲ್ಲೇ ಓಟು ಹಾಕುತ್ತಾರೆ ಅಂತ. ಈ ವಾದದಲ್ಲಿ ಹುರುಳಿದೆ. 50 ಬಾಗಿಲುಗಳಿರುವ ಮನೆ, ಒಂದೇ ಬಾಗಿಲಿನ ಮನೆಗಿಂತ ಖಂಡಿತ ವಾಸಿ. ದಕ್ಷಿಣದ ರಾಜ್ಯಗಳ ಜನಾಂಗೀಯ ಕಾನೂನುಗಳಿಂದ ಬೇಸತ್ತ ಲಕ್ಷಾಂತರ ಕಪ್ಪು ಜನ ಉತ್ತರಕ್ಕೆ ಹೋಗಿ ಉಸಿರಾಡಿದ್ದೂ ಇತಿಹಾಸವೇ.

ಆದರೆ ಮಿಲ್ಡ್ರೆಡ್ ಮತ್ತು ರಿಚರ್ಡ್ ಲವಿಂಗ್ ದಂಪತಿಯನ್ನು ನೆನೆಸಿಕೊಳ್ಳಿ. ಇಬ್ಬರೂ ವರ್ಜೀನಿಯಾದ ಹಳ್ಳಿಯವರು. ಅವನು ಬಿಳಿಯ, ಅವಳು ಬಿಳಿಯಳಲ್ಲ. 1958ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಬಂದರು. ಒಂದು ರಾತ್ರಿ ಮಲಗುವ ಕೋಣೆಗೇ ಪೊಲೀಸರು ನುಗ್ಗಿ ಬಂಧಿಸಿದರು. ಒಂದು ವರ್ಷದ ಜೈಲುಶಿಕ್ಷೆ. ಆದರೆ 25 ವರ್ಷ ಇಬ್ಬರೂ ಒಟ್ಟಿಗೆ ಈ ರಾಜ್ಯಕ್ಕೆ ಕಾಲಿಡದಿದ್ದರೆ ಶಿಕ್ಷೆ ಜಾರಿಯಿಲ್ಲ ಅಂದರು ನ್ಯಾಯಾಧೀಶರು. ಟೀಬೌ ಹೇಳಿದ ಬಾಗಿಲು ಅವರಿಗೆ ತೆರೆದೇ ಇತ್ತು. ವಾಷಿಂಗ್ಟನ್ನಿಗೆ ಹೋದರು, ಅಲ್ಲಿ ಅವರ ಮದುವೆಗೆ ಯಾರ ತಕರಾರೂ ಇರಲಿಲ್ಲ. ಆದರೂ ಮಿಲ್ಡ್ರೆಡ್‌ಗೆ ತನ್ನ ಊರು ಬೇಕಿತ್ತು, ತನ್ನ ಜನ ಬೇಕಿತ್ತು. ಊರು ಬಿಡುವುದು ಇಲ್ಲಿ ಆಯ್ಕೆಯಾಗಿರಲಿಲ್ಲ, ಅದೇ ಶಿಕ್ಷೆಯಾಗಿತ್ತು. 1967ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಾಗ ಇನ್ನೂ 16 ರಾಜ್ಯಗಳಲ್ಲಿ ಇಂಥ ಕಾನೂನು ಇತ್ತು.

1958ರಲ್ಲೇ ಯಾರಾದರೂ ಇಂಥದೊಂದು ಪಟ್ಟಿ ಮಾಡಿದ್ದರು ಅಂದುಕೊಳ್ಳಿ. ತೆರಿಗೆ ಕಡಿಮೆ, ನಿಯಮ ಕಡಿಮೆ ಅಂತ ವರ್ಜೀನಿಯಾಕ್ಕೆ ಒಳ್ಳೆಯ ಅಂಕ ಬಂದಿದ್ದರೂ ಆಶ್ಚರ್ಯವಿಲ್ಲ. ಜನಾಂಗ ಮೀರಿ ಮದುವೆಯಾಗಬೇಕು ಅನ್ನುವವರು ಕೆಲವೇ ಜನ. ಒಟ್ಟು ಮೊತ್ತದಲ್ಲಿ ಅವರ ಪಾಲು ಎಷ್ಟಿದ್ದೀತು? ಆ ಟೋಟಲ್ಲನ್ನು ಲವಿಂಗ್ ದಂಪತಿಯ ಕೈಗಿಟ್ಟು 'ನೋಡಿ, ನಿಮ್ಮ ರಾಜ್ಯ ಎಷ್ಟು ಸ್ವತಂತ್ರ' ಅನ್ನೋಕೆ ನಮಗೆ ಬಾಯಿ ಬರುತ್ತಾ?

ಅದಕ್ಕೇ ನನಗನ್ನಿಸೋದು, ಸ್ವಾತಂತ್ರ್ಯಕ್ಕೆ ಟೋಟಲ್‌ಗಿಂತ ಎಸ್ಸೆಸ್ಸೆಲ್ಸಿ ನಿಯಮವೇ ಸರಿ. ಯಾರನ್ನು ಮದುವೆಯಾಗಬೇಕು, ಏನನ್ನು ನಂಬಬೇಕು, ಯಾವ ದುಡಿಮೆ ಮಾಡಬೇಕು, ಬಿಸಿಲಲ್ಲಿ ಯಾವಾಗ ನೀರು ಕುಡಿಯಬೇಕು - ಇವು ಒಂದೊಂದೂ ಪ್ರತ್ಯೇಕ ಸಬ್ಜೆಕ್ಟು. ಒಂದೊಂದರಲ್ಲೂ ಕನಿಷ್ಠ ಅಂಕ ಬರಬೇಕು, ಮತ್ತು ಅದು ರಾಜ್ಯದ ಸರಾಸರಿ ಮನುಷ್ಯನಿಗಲ್ಲ, ಅಲ್ಲಿ ಎಲ್ಲರಿಗಿಂತ ಕಡಿಮೆ ಬಲ ಇರುವವನಿಗೆ ಬರಬೇಕು. ಅದಾದ ಮೇಲೆ ತೆರಿಗೆ ಶೇ. 5 ಇರಲೋ 10 ಇರಲೋ ಅಂತ ರಾಜ್ಯಗಳು ಆರಾಮವಾಗಿ ಪೈಪೋಟಿ ಮಾಡಲಿ, ನಾವೂ ನಮಗೆ ಬೇಕಾದ್ದನ್ನು ಆರಿಸಿಕೊಳ್ಳೋಣ. ಪಾಸ್ ಮಾರ್ಕು ಎಷ್ಟಿರಬೇಕು ಅನ್ನೋ ಜಗಳ ಇದರಿಂದ ಮುಗಿಯಲ್ಲ. ಅದು ಮುಗಿಯಬಾರದು ಕೂಡ, ಯಾಕಂದ್ರೆ ಆ ಜಗಳವನ್ನು ಮತ್ತೆ ಮತ್ತೆ ಮಾಡುವುದಕ್ಕೇ ನಾವು ಓಟು ಹಾಕುವುದು.

ನಾಳೆ ನಿಮ್ಮ ಟೀಮಿನಲ್ಲಿ ಯಾರಾದರೂ, 'ನ್ಯೂಜೆರ್ಸಿಗಿಂತ ಫ್ಲೋರಿಡಾನೇ ಫ್ರೀ' ಅಂದರೆ ವಾದಕ್ಕೆ ಇಳಿಯಬೇಡಿ. 'ಯಾರಿಗೆ?' ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಹೇಳೋಕೆ ಅವರು ಆ ರಾಜ್ಯದ ಯಾರಾದರೂ ಒಬ್ಬರ ಮುಖವನ್ನು ಮನಸ್ಸಿಗೆ ತಂದುಕೊಳ್ಳಲೇಬೇಕಾಗುತ್ತೆ. ಪಟ್ಟಿ ಓದಬೇಕಾದ್ದು ಅಲ್ಲಿಂದ.