ಡೆಮೊ ಪುಟಕ್ಕೆ ವಾರಸುದಾರರು ಯಾರು?

1990ರ ದಶಕದಲ್ಲಿ ಅಮೆರಿಕದ ಅಲೇರ್ ಕಂಪನಿ ಕೋಲ್ಡ್‌ಫ್ಯೂಷನ್ ಎಂಬ ಸಾಫ್ಟ್‌ವೇರ್ ಮಾರುತ್ತಿತ್ತು. ಜಾಲತಾಣದ ಹಿಂದೆ ಕೂತು, ಡೇಟಾಬೇಸಿನಿಂದ ಮಾಹಿತಿ ತೆಗೆದು, ಪುಟ ಕಟ್ಟಿಕೊಡುವುದು ಅದರ ಕೆಲಸ. ಕೊಂಡವರು ಬೇಗ ಕಲಿಯಲಿ ಎಂದು ಕಂಪನಿಯವರು ಅದರ ಜೊತೆಗೆ ಕೈಪಿಡಿಯನ್ನೂ ಒಂದಷ್ಟು ಮಾದರಿ ಅಪ್ಲಿಕೇಷನ್‌ಗಳನ್ನೂ ಸೇರಿಸಿದ್ದರು. ಇನ್‌ಸ್ಟಾಲ್ ಮಾಡುತ್ತಿದ್ದಂತೆ ಅವು ಸರ್ವರಿಗೆ ಬಂದು ಕೂರುತ್ತಿದ್ದವು. ಎಲ್ಲಿ? ಹೊರಗಿನ ಯಾರು ಬೇಕಾದರೂ ಬ್ರೌಸರಿನಲ್ಲಿ ವಿಳಾಸ ಬರೆದು ತಲುಪಬಹುದಾದ ಜಾಗದಲ್ಲೇ.

ಆ ಮಾದರಿಗಳಲ್ಲಿ ಒಂದರ ಹೆಸರು ಎಕ್ಸ್‌ಪ್ರೆಶನ್ ಇವ್ಯಾಲ್ಯುಯೇಟರ್. ಕೋಲ್ಡ್‌ಫ್ಯೂಷನ್ ಭಾಷೆಯಲ್ಲಿ ಒಂದು ಸಾಲು ಬರೆದರೆ ಉತ್ತರ ಏನು ಬರುತ್ತದೆ ಎಂದು ತೋರಿಸುವ ಪಾಠದ ಸಲಕರಣೆ ಅದು. ಕಲಿಯುವವರು ತಮ್ಮ ಕಂಪ್ಯೂಟರಿನಿಂದ ಫೈಲೊಂದನ್ನು ಏರಿಸಬಹುದಿತ್ತು. ಪುಟ ಅದನ್ನು ಓದಿ ತೆರೆಯ ಮೇಲೆ ತೋರಿಸಿ, ಕಸ ಉಳಿಯದಿರಲೆಂದು ಆಮೇಲೆ ತಾನೇ ಅಳಿಸಿಹಾಕುತ್ತಿತ್ತು. ಬರೆದವನು ಶಿಸ್ತಿನ ಮನುಷ್ಯನೇ ಇರಬೇಕು. ಆದರೆ ಯಾವ ಫೈಲನ್ನು ಓದಿ ಅಳಿಸಬೇಕು ಎಂಬುದು ವಿಳಾಸದ ಸಾಲಿನಲ್ಲೇ ಇರುತ್ತಿತ್ತು. ಅಲ್ಲಿ ಸರ್ವರಿನ ಬೇರೆ ಯಾವುದೋ ಫೈಲಿನ ಹೆಸರು ಬರೆದರೆ ಪುಟ ಅದನ್ನೂ ಓದಿ ತೋರಿಸುತ್ತಿತ್ತು, ಅಳಿಸಿಯೂ ಬಿಡುತ್ತಿತ್ತು.

1998ರ ಡಿಸೆಂಬರಿನಲ್ಲಿ ಫ್ರಾಕ್ ಎಂಬ ಹ್ಯಾಕರ್‌ಗಳ ಪತ್ರಿಕೆಯಲ್ಲಿ ಇದರ ಸುಳಿವು ಬಂತು. 1999ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಲಾಫ್ಟ್ ಎಂಬ ಗುಂಪು ಪೂರ್ತಿ ವಿವರ ಹೊರಹಾಕಿತು. ಹಿಂದಿನ ವರ್ಷವಷ್ಟೇ ಅಮೆರಿಕದ ಸೆನೆಟ್ ಮುಂದೆ ಕೂತು, ಇಡೀ ಇಂಟರ್‌ನೆಟ್ಟನ್ನು ಅರ್ಧ ಗಂಟೆಯಲ್ಲಿ ಮಲಗಿಸಬಲ್ಲೆವು ಎಂದು ಹೇಳಿ ಬಂದಿದ್ದ ಗುಂಪು ಅದು. ಅವರು ತೋರಿಸಿದ ದಾರಿ ಹೀಗಿತ್ತು. ದಾಳಿಕೋರನಿಗೆ ತನ್ನ ಪ್ರೋಗ್ರಾಮನ್ನು ಸರ್ವರಿಗೆ ಏರಿಸುವುದು ಸುಲಭ, ತೊಂದರೆಯೆಂದರೆ ಪುಟ ಅದನ್ನು ಓದಿ ಅಳಿಸುತ್ತದೆ. ಹಾಗಾಗಿ ಮೊದಲು ಆ ಪುಟಕ್ಕೆ ಅದರದೇ ಹೆಸರು ಕೊಡುವುದು. ಅದು ತನ್ನನ್ನು ತಾನೇ ಓದಿ, ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆಮೇಲೆ ಏರಿಸಿದ್ದೆಲ್ಲ ಸರ್ವರಿನಲ್ಲೇ ಉಳಿಯುತ್ತದೆ, ಅಳಿಸುವವರು ಯಾರೂ ಇಲ್ಲ. ಪಾಠಕ್ಕೆಂದು ಇಟ್ಟ ಒಂದು ಪುಟದಿಂದ ಸರ್ವರಿನ ಯಜಮಾನಿಕೆಯೇ ಕೈಬದಲಾಗುತ್ತಿತ್ತು.

ಈ ಪ್ರಕರಣದಲ್ಲಿ ತಪ್ಪು ಯಾರದು? ಕನ್ನ ಹಾಕಿದವನು ಅಪರಾಧಿ, ಅದನ್ನು ಚರ್ಚೆ ಮಾಡಬೇಕಾಗಿಲ್ಲ. ಉಳಿದ ಮೂವರ ಲೆಕ್ಕ ಅಷ್ಟು ಸರಳವಲ್ಲ. ಮಾದರಿ ಬರೆದವನು ಕಲಿಸಲು ಬರೆದ. ಇನ್‌ಸ್ಟಾಲ್ ಮಾಡಿದವನು ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತ ಹೋದ. ಮಾಲೀಕ ಬಿಲ್ ಕಟ್ಟಿದ. ಮೂವರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಆದರೂ ಕೆಟ್ಟದ್ದು ಆಯಿತು, ಮೂವರ ಕೈಯೂ ದಾಟಿಯೇ ಆಯಿತು.

ಕೈಪಿಡಿ, ಮಾದರಿ, ಪಾಠಗಳನ್ನು ಜನ ಬಳಸುವ ಸರ್ವರಿನಲ್ಲಿ ಇಡಬೇಡಿ ಎಂದು ಅಲೇರ್ ಗ್ರಾಹಕರಿಗೆ ಹೇಳಿತ್ತು. ಆ ಮಾತು ಅವರನ್ನು ಪಾರು ಮಾಡುತ್ತದೆಂದು ನನಗನ್ನಿಸುವುದಿಲ್ಲ. ತಾನೇ ತಂದಿಟ್ಟು, ತಾನೇ ಬೇಡವೆಂದು ಚೀಟಿ ಬರೆಯುವುದು ಎಚ್ಚರಿಕೆಯಲ್ಲ, ಜವಾಬ್ದಾರಿ ದಾಟಿಸುವ ದಾರಿ. ಬೇಕಾದವನು ಕೇಳಿ ಹಾಕಿಸಿಕೊಳ್ಳಲಿ, ಕೇಳದವನಿಗೆ ಬರದಿರಲಿ ಎಂದು ಮಾಡಿದ್ದರೆ ಮುಗಿಯುತ್ತಿತ್ತು. 1999ರ ತಪ್ಪಿನಲ್ಲಿ ದೊಡ್ಡ ಪಾಲು ಮಾರಿದವರದೇ.

ಅದೇನೂ ಮೊದಲನೆಯದಲ್ಲ. ಎನ್‌ಸಿಎಸ್‌ಎ ಮತ್ತು ಅಪಾಚೆಯ ಹಳೆಯ ವೆಬ್ ಸರ್ವರ್‌ಗಳ ಜೊತೆ ಪಿಎಚ್‌ಎಫ್ ಎಂಬ ಚಿಕ್ಕ ಟೆಲಿಫೋನ್ ಡೈರೆಕ್ಟರಿ ಉದಾಹರಣೆ ಬರುತ್ತಿತ್ತು. ಹೆಸರಿನ ಜೊತೆ ‘ಹೊಸ ಸಾಲು’ ಎಂಬ ಒಂದು ಸಂಕೇತವನ್ನೂ ಅದರ ಮುಂದೆ ಒಂದು ಆಜ್ಞೆಯನ್ನೂ ಸೇರಿಸಿದರೆ ಸರ್ವರ್ ತನ್ನ ಬಳಕೆದಾರರ ಪಟ್ಟಿಯ ಫೈಲನ್ನೇ ಓದಿ ಕೊಡುತ್ತಿತ್ತು. 1996ರ ಮಾರ್ಚ್‌ನಲ್ಲಿ ಸರ್ಟ್ ಎಂಬ ಕಂಪ್ಯೂಟರ್ ಭದ್ರತಾ ತಂಡ ಎಚ್ಚರಿಸಿತು. ಆ ಡೈರೆಕ್ಟರಿಯನ್ನು ನಿಜಕ್ಕೂ ಬಳಸುತ್ತಿದ್ದವರು ಎಷ್ಟು ಜನ ಇದ್ದಾರು!

ಈಗ ಇಷ್ಟು ದೂರದ ಕಥೆ ನಮ್ಮ ಬಾಗಲಕೋಟೆ, ಬಾದಾಮಿ ಕಡೆ ಯಾಕೆ ಬೇಕು? ಬೇಕು. ಇಳಕಲ್ಲಿನ ಸೀರೆ ಅಂಗಡಿಗೂ ಅಮೀನಗಡದ ಕರದಂಟಿನ ವ್ಯಾಪಾರಕ್ಕೂ ಬಾದಾಮಿಯ ಲಾಡ್ಜಿಗೂ ಇವತ್ತು ಸೈಟ್ ಬೇಕು. ಪತ್ತಿನ ಸಹಕಾರಿ ಸಂಘದ ಸದಸ್ಯರ ಆಧಾರ್ ಪ್ರತಿ, ಪಾನ್ ನಂಬರ್, ಸಾಲದ ಲೆಕ್ಕ ಎಲ್ಲ ಕಂಪ್ಯೂಟರಿನಲ್ಲೇ ಇವೆ. ಇವನ್ನು ಮಾಡಿಕೊಡುವವರು ಬಹುಪಾಲು ಊರಿನ ಹುಡುಗರೇ. ಕಡಿಮೆ ದುಡ್ಡಿಗೆ, ಬೇಗ ಮಾಡಿಕೊಡುತ್ತಾರೆ, ಅದು ಒಳ್ಳೆಯದೇ. ಮುಗಿದ ಮೇಲೆ ಸರ್ವರಿನಲ್ಲಿ ಉಳಿದದ್ದನ್ನು ತೆಗೆಯಿರಿ ಎಂದರೆ ಬರುವ ಉತ್ತರ ಮಾತ್ರ ಒಂದೇ: “ಸೈಟ್ ಚಾಲೂ ಐತಲ್ರೀ, ಮತ್ಯಾಕ್ ಮುಟ್ಟೂದ್ರಿ?” ಮುಟ್ಟಿದರೆ ಕೆಡುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಮುಟ್ಟದೆ ಬಿಟ್ಟದ್ದೂ ಕೆಡಿಸುತ್ತದೆ ಎಂಬುದು ಅವರಿಗೆ ಕಂಡಿರುವುದಿಲ್ಲ ಅಷ್ಟೆ.

ಹುನಗುಂದ ತಾಲ್ಲೂಕಿನ ಐಹೊಳೆಯನ್ನು ದೇವಾಲಯ ವಾಸ್ತುಶಿಲ್ಪದ ಪ್ರಯೋಗಶಾಲೆ ಎನ್ನುತ್ತಾರೆ. ಹೀಗೊಂದು ಶಿಖರ, ಹಾಗೊಂದು ಚಾವಣಿ ಎಂದು ಕಟ್ಟಿ ನೋಡಿದ ಪ್ರಯತ್ನಗಳು ಇವತ್ತಿಗೂ ನಿಂತಿವೆ, ನಿಂತದ್ದರಿಂದ ಪಟ್ಟದಕಲ್ಲಿಗೆ ನಷ್ಟವೇನೂ ಆಗಲಿಲ್ಲ. ಕಲ್ಲಿನ ಪ್ರಯೋಗ ಪಕ್ಕದ ಗುಡಿಯ ಬೀಗ ತೆಗೆಯುವುದಿಲ್ಲ. ಸರ್ವರಿನ ಪ್ರಯೋಗ ತೆಗೆಯುತ್ತದೆ. ಯಾಕೆಂದರೆ ಅಲ್ಲಿ ಡೆಮೊ ಮತ್ತು ನಿಜದ ಅಪ್ಲಿಕೇಷನ್ ಸಾಮಾನ್ಯವಾಗಿ ಒಂದೇ ಯಂತ್ರದಲ್ಲಿ, ಒಂದೇ ಅಧಿಕಾರದಲ್ಲಿ ಓಡುತ್ತಿರುತ್ತವೆ.

ಇಂದಿಗೂ ಬಹಳ ಕಡೆ ಬಳಕೆಯಲ್ಲಿರುವ ಅಪಾಚೆ ಟಾಮ್‌ಕ್ಯಾಟ್ ಎಂಬ ಸರ್ವರ್ ಸಾಫ್ಟ್‌ವೇರ್ ಈ ವಿಷಯದಲ್ಲಿ ಮುಚ್ಚುಮರೆ ಮಾಡಿಲ್ಲ. ಭದ್ರತೆ ಬೇಕಾದ ಕಡೆಯಿಂದ ಉದಾಹರಣೆ ಅಪ್ಲಿಕೇಷನ್‌ಗಳನ್ನು ತೆಗೆದುಹಾಕಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಕೊಡುವ ಕಾರಣ ಗಮನಿಸಬೇಕಾದದ್ದು: ಗೊತ್ತಿರುವ ಲೋಪ ಅವುಗಳಲ್ಲಿ ಇಲ್ಲದಿದ್ದರೂ, ಕುಕೀಗಳನ್ನು ತೋರಿಸುವ, ಹೊಸದನ್ನು ಬರೆಯುವ ಅನುಕೂಲಗಳಿವೆ. ಪಕ್ಕದ ಅಪ್ಲಿಕೇಷನ್ನಿನಲ್ಲಿ ಲೋಪವಿದ್ದರೆ ಅವು ದಾಳಿಕೋರನ ಕೈಗೆ ಸಲಕರಣೆಯಾಗುತ್ತವೆ. 2007ರಲ್ಲಂತೂ ಉದಾಹರಣೆ ಪುಟಗಳಲ್ಲೇ ಲೋಪ ಸಿಕ್ಕಿದ್ದವು. ಟಾಮ್‌ಕ್ಯಾಟಿನ ಮ್ಯಾನೇಜರ್ ಪುಟಕ್ಕೆ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ಹೊರಗಿನವರಿಗೂ ತೆರೆದಿಟ್ಟರಂತೂ ಮುಗಿಯಿತು, ಅಲ್ಲಿಂದ ಹೊಸ ಅಪ್ಲಿಕೇಷನ್ನನ್ನೇ ಸರ್ವರಿಗೆ ಹಾಕಬಹುದು.

“ಆ ಪುಟಕ್ಕೆ ನಮ್ಮ ಸೈಟಿನಲ್ಲಿ ಲಿಂಕೇ ಇಲ್ಲವಲ್ಲ, ಯಾರಿಗೆ ಗೊತ್ತಾಗಬೇಕು?” ಎನ್ನುವವರಿದ್ದಾರೆ. ಮಾದರಿ ಅಪ್ಲಿಕೇಷನ್ನಿನ ವಿಳಾಸದಲ್ಲಿ ಸೈಟಿನ ಹೆಸರಿನ ಮುಂದಿನ ಭಾಗ ಸಾಮಾನ್ಯವಾಗಿ ಜಗತ್ತಿನ ಎಲ್ಲ ಸರ್ವರಿನಲ್ಲೂ ಒಂದೇ. ಇಳಕಲ್ ಎಂಬ ಊರು ಇದೆ ಎಂದೇ ತಿಳಿಯದವನ ಪ್ರೋಗ್ರಾಮ್ ರಾತ್ರಿಯಿಡೀ ಒಂದೊಂದೇ ಐಪಿ ವಿಳಾಸಕ್ಕೆ ಹೋಗಿ ಅದೇ ಪುಟ ಕೇಳುತ್ತಿರುತ್ತದೆ. ನಾವು ಚಿಕ್ಕವರು, ನಮ್ಮನ್ನು ಯಾರು ಹುಡುಕುತ್ತಾರೆ ಎಂಬ ಸಮಾಧಾನ ಅದಕ್ಕೇ ಇಲ್ಲಿ ನಡೆಯುವುದಿಲ್ಲ. ಹುಡುಕುವವನಿಗೆ ನೀವು ಯಾರೆಂಬುದೇ ಬೇಕಾಗಿಲ್ಲ.

ಪಿಎಚ್‌ಪಿಯುನಿಟ್ ಪ್ರಕರಣ ಇದಕ್ಕೆ ಹತ್ತಿರದ ಸಾಕ್ಷಿ. ಬರೆದ ಕೋಡನ್ನು ಪರೀಕ್ಷಿಸುವ ಈ ಸಲಕರಣೆ ಡೆವಲಪರನ ಲ್ಯಾಪ್‌ಟಾಪಿನಲ್ಲಿ ಇರಬೇಕಾದದ್ದು. ಅದರ ಒಂದು ಫೈಲು ಹೊರಗಿನಿಂದ ಬಂದ ಕೋಡನ್ನು ಹಾಗೆಯೇ ಓಡಿಸುತ್ತಿತ್ತು. ಆ ಲೋಪಕ್ಕೆ ಸಿವಿಇ ಎಂಬ ಗುರುತಿನ ಸಂಖ್ಯೆ ಸಿಕ್ಕಿದ್ದು 2017ರಲ್ಲಿ. 2024ರ ಜನವರಿಯಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಸೀಸಾ ಎಚ್ಚರಿಕೆ ಹೊರಡಿಸಬೇಕಾಯಿತು: ಆಂಡ್ರಾಕ್ಸ್‌ಘೋಸ್ಟ್ ಎಂಬ ಮಾಲ್‌ವೇರ್ ಇನ್ನೂ ಅದೇ ಹಳೆಯ ಲೋಪದಿಂದ ಒಳನುಗ್ಗಿ, ಪಾಸ್‌ವರ್ಡ್‌ಗಳಿರುವ ಫೈಲುಗಳನ್ನು ಹುಡುಕುತ್ತಿತ್ತು. ಪರೀಕ್ಷೆ ಮುಗಿದು ವರ್ಷಗಳಾದರೂ ಸಲಕರಣೆ ಸರ್ವರಿನಲ್ಲೇ ಬಿದ್ದಿತ್ತು.

ಒಳಗೆ ಬಂದವನಿಗೆ ಏನು ಸಿಕ್ಕೀತು ಎಂಬುದಕ್ಕೆ ನಮ್ಮ ರಾಜ್ಯದ್ದೇ ನೆನಪಿದೆ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೆ ಕನ್ನ ಬಿದ್ದು, ಗುತ್ತಿಗೆದಾರರು ಟೆಂಡರಿಗೆ ಕಟ್ಟಿದ್ದ ಇಎಂಡಿ ಠೇವಣಿ ಹಣದಲ್ಲಿ ಸುಮಾರು ₹11.5 ಕೋಟಿ ಬೇರೆ ಖಾತೆಗಳಿಗೆ ಹೋಯಿತು, ಪ್ರಕರಣ ಸಿಐಡಿಗೆ ಹೋಯಿತು. ಅದು ಡೆಮೊ ಪುಟದಿಂದ ಆದದ್ದೆಂದು ನಾನು ಹೇಳುತ್ತಿಲ್ಲ. ಸರ್ವರಿನ ಆಚೆ ಇರುವುದು ಜನರ ಹಣ ಎಂದಷ್ಟೇ ಹೇಳುತ್ತಿದ್ದೇನೆ.

1999ರಲ್ಲಿ ಮಾರಿದವರ ಮೇಲೆ ಹೊರಿಸಿದ ತಪ್ಪನ್ನು ಇವತ್ತು ಪೂರ್ತಿ ಅವರ ಮೇಲೆಯೇ ಹೊರಿಸಲಾಗದು. ಕೈಪಿಡಿಗಳು ಬಿಡಿಸಿ ಹೇಳುತ್ತಿವೆ. ಸಾಫ್ಟ್‌ವೇರ್ ಭದ್ರತೆಯ ಒವಾಸ್ಪ್ ಸಂಸ್ಥೆ ತನ್ನ 2021ರ ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಭದ್ರತೆಯ ತಪ್ಪು ಜೋಡಣೆಯನ್ನು ವಿವರಿಸಲು ಕೊಟ್ಟ ಮೊದಲ ಸನ್ನಿವೇಶವೇ ತೆಗೆಯದೆ ಬಿಟ್ಟ ಮಾದರಿ ಅಪ್ಲಿಕೇಷನ್. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದೆ ಮಾಹಿತಿ ಸೋರಿದರೆ ₹250 ಕೋಟಿವರೆಗೆ ದಂಡವಿದೆ. ಅದು ಸೈಟ್ ಮಾಡಿಕೊಟ್ಟ ಹುಡುಗನ ಮೇಲೆ ಬೀಳುವುದಿಲ್ಲ. ಮಾಹಿತಿಯನ್ನು ಯಾವ ಕೆಲಸಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವ ಸಂಸ್ಥೆಯೇ ಕಾಯ್ದೆಯ ಮುಂದೆ ಹೊಣೆ. ಹಾಗಾಗಿ ನನ್ನ ತೀರ್ಪು ಮಾಲೀಕರ ವಿರುದ್ಧ ಹೋಗುತ್ತದೆ, ತಾಂತ್ರಿಕ ಜ್ಞಾನ ಇಲ್ಲವೆಂಬ ಅವರ ಸಬೂಬನ್ನೂ ಸೇರಿಸಿಯೇ. ಏನು ಉಳಿದಿದೆ ಎಂದು ಕೇಳಲು ತಾಂತ್ರಿಕ ಜ್ಞಾನ ಬೇಡ.

ಸಂಘದ ಕಾರ್ಯದರ್ಶಿಗಳೇ, ಅಂಗಡಿಯ ಯಜಮಾನರೇ, ಲಾಡ್ಜ್ ನಡೆಸುವವರೇ, ಕೊನೆಯ ಕಂತು ಕೊಡುವ ಮೊದಲು ಒಂದು ಹಾಳೆ ಬರೆಸಿಕೊಳ್ಳಿ. ಸರ್ವರಿನಲ್ಲಿ ಏನೇನು ಓಡುತ್ತಿದೆ, ಅದರಲ್ಲಿ ನಾವು ಬಳಸದ್ದು ಯಾವುದು, ಅದನ್ನು ಮುಚ್ಚಿಟ್ಟಿದ್ದೋ ಅಳಿಸಿದ್ದೋ, ಯಾವ ದಿನ, ಯಾರು. ಕೆಳಗೆ ಮಾಡಿದವರ ಸಹಿಯಿರಲಿ. ಆ ಹಾಳೆ ಬರುವವರೆಗೆ ಕಂತು ನಿಲ್ಲಲಿ.