ತುಂಬಿಸುವ ಮೊದಲು ಕೇಳಬೇಕಾದದ್ದು

ಹೈಡ್ರಾಲಿಕ್ ಕ್ಲಚ್ ಇರುವ ಕಾರಿನ ಬಾನೆಟ್ ಎತ್ತಿದರೆ ಡ್ರೈವರ್ ಕೂರುವ ಬದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರ ಮೈಮೇಲೆ ಎರಡು ಗೆರೆ: ಮೇಲಿನದು ಗರಿಷ್ಠ, ಕೆಳಗಿನದು ಕನಿಷ್ಠ. ಒಳಗಿನ ಆಯಿಲ್ ಕೆಳಗಿನ ಗೆರೆಗೆ ಇಳಿದಿದ್ದರೆ ಹೆಚ್ಚಿನವರು ಅಂಗಡಿಯಿಂದ ಒಂದು ಬಾಟಲಿ ತಂದು ಮೇಲಿನ ಗೆರೆಯವರೆಗೆ ತುಂಬಿಸಿ ಮುಚ್ಚಳ ಹಾಕುತ್ತಾರೆ. ಕೆಲಸ ಎರಡು ನಿಮಿಷದ್ದು, ಮನಸ್ಸಿಗೂ ನೆಮ್ಮದಿ. ಆ ನೆಮ್ಮದಿಗೆ ನಮಗೆ ಹಕ್ಕಿದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಪೆಟ್ರೋಲಿನಂತೆ ಈ ಆಯಿಲ್ ಉರಿದು ಖರ್ಚಾಗುವುದಿಲ್ಲ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡವನ್ನು ಕೊಳವೆಯ ಮೂಲಕ ಗೇರ್‌ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಮುಚ್ಚಿದ ದಾರಿಯಲ್ಲಿ ಹೋಗಿಬರುವ ದ್ರವ ಕಡಿಮೆಯಾಗಿದೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರಬೇಕು. ತುಂಬಿಸುವುದರಿಂದ ಆ ಕಾರಣ ಹೋಗುವುದಿಲ್ಲ. ಅದರ ಗುರುತು ಮಾತ್ರ ಅಳಿಸಿಹೋಗುತ್ತದೆ.

ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲೊಬ್ಬ ಹಡಗಿನ ಮಾಲೀಕ ಬರುತ್ತಾನೆ. ವಲಸೆ ಹೊರಟವರನ್ನು ಹೊತ್ತು ಸಾಗಬೇಕಾದ ಹಡಗು ಹಳೆಯದು, ರಿಪೇರಿ ಬೇಡುತ್ತಿದೆ ಎಂಬ ಸಂಶಯ ಅವನಿಗೆ ಬರುತ್ತದೆ. ಇಷ್ಟು ಸಲ ಹೋಗಿಬಂದಿದೆ, ದೈವ ಕಾಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಸಂಶಯವನ್ನು ಅದುಮುತ್ತಾನೆ. ಕೊನೆಗೆ ಹಡಗು ಗಟ್ಟಿಯಾಗಿದೆ ಎಂದು ಮನಸಾರೆ ನಂಬುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆಯಲ್ಲಿ ಕಪಟವಿರಲಿಲ್ಲ, ಆದರೂ ಅವನು ತಪ್ಪಿತಸ್ಥ, ಏಕೆಂದರೆ ಆ ನಂಬಿಕೆಯನ್ನು ಪರೀಕ್ಷೆಯಿಂದ ಗಳಿಸಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ತಪ್ಪು ಎಳ್ಳಷ್ಟೂ ಕಡಿಮೆಯಾಗದು ಎಂದು ಮುಂದುವರಿಸುವಲ್ಲಿ ಆ ಪ್ರಬಂಧದ ನಿಜವಾದ ಕೆಚ್ಚು ಇದೆ. ಕಾರಣ ಕೇಳದೆ ಆಯಿಲ್ ತುಂಬಿಸಿ ಕಾರು ಹತ್ತುವವರು ನಿಂತಿರುವುದೂ ಇದೇ ಜಾಗದಲ್ಲಿ ಎಂಬುದು ನನ್ನ ವಾದ. ಘಾಟಿಯ ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ಗೇರ್ ಬೀಳದೆ ಹೋದರೆ ಹಿಂದಿನ ಗಾಡಿಯವನಿಗೂ ಅಪಾಯ. ಆತ ಈ ಡಬ್ಬಿಯನ್ನು ನೋಡಿಲ್ಲ, ನೋಡುವ ಅವಕಾಶವೂ ಅವನಿಗಿಲ್ಲ.

ಆ ಮಾಲೀಕ ಅದುಮಿದ ಸಂಶಯವನ್ನು ನಮ್ಮ ನ್ಯಾಯದರ್ಶನ ದೋಷವೆಂದು ಎಣಿಸಲಿಲ್ಲ. ಅದರ ಸೂತ್ರಕಾರ ಗೌತಮನ ಹದಿನಾರು ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಪ್ರಮಾಣ, ಪ್ರಮೇಯಗಳ ನಂತರ ಸಂಶಯಕ್ಕೇ ಸ್ಥಾನ. ಏನೂ ತಿಳಿಯದ್ದನ್ನು ಕುರಿತಾಗಲಿ, ನಿಶ್ಚಯವಾಗಿ ತಿಳಿದದ್ದನ್ನು ಕುರಿತಾಗಲಿ ವಿಚಾರ ಹುಟ್ಟದು, ಸಂಶಯ ಬಂದ ವಿಷಯದಲ್ಲಿಯೇ ಅದು ಹುಟ್ಟುತ್ತದೆ ಎಂಬುದು ಆ ಸೂತ್ರಗಳಿಗೆ ವಾತ್ಸ್ಯಾಯನ ಬರೆದ ಭಾಷ್ಯದ ನಿಲುವು. ಉಕ್ಕಿ ಹರಿಯುವ ಹೊಳೆಯನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವ ಅನುಮಾನಕ್ಕೆ, ಅಂದರೆ ಕಾರ್ಯದಿಂದ ಕಾರಣಕ್ಕೆ ಹೋಗುವ ತರ್ಕಕ್ಕೆ, ಆ ಪರಂಪರೆ ಶೇಷವತ್ ಎಂದು ಹೆಸರಿಟ್ಟಿತು. ಇಳಿದ ಮಟ್ಟದಿಂದ ಸೋರಿಕೆಯನ್ನು ಊಹಿಸುವುದೂ ಇದೇ ಜಾತಿಯ ತರ್ಕ. ಆದರೆ ಅವಸರ ಸಲ್ಲದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹಸಿ ಸೌದೆ ಇದ್ದರೆ ಮಾತ್ರ ಎಂದು ನೈಯಾಯಿಕರು ಉಪಾಧಿಯನ್ನು, ಅಂದರೆ ಒಳಗಿನ ಷರತ್ತನ್ನು, ಹುಡುಕಿದರು. ಇಲ್ಲೂ ಅಂಥದ್ದೊಂದಿದೆ. ಹಲವು ಕಾರುಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಒಂದೇ ಡಬ್ಬಿ. ಬ್ರೇಕ್ ಪ್ಯಾಡ್ ಸವೆದಂತೆ ಪಿಸ್ಟನ್‌ಗಳು ಮುಂದೆ ಸರಿದು ಆಯಿಲನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಎಲ್ಲೂ ಸೋರದೆಯೇ ಮಟ್ಟ ನಿಧಾನಕ್ಕೆ ಇಳಿಯುತ್ತದೆ. ಕ್ಲಚ್‌ಗೆ ಪ್ರತ್ಯೇಕ ಡಬ್ಬಿ ಇದ್ದರೆ ಈ ಸಮಾಧಾನಕ್ಕೆ ಎಡೆಯಿಲ್ಲ, ಸೋರಿಕೆಯನ್ನೇ ಹುಡುಕಬೇಕು. ಪೆಡಲಿನ ಮೇಲ್ತುದಿಯ ಸುತ್ತ ಜಿಡ್ಡು ಒಸರಿದೆಯೇ, ಕಾಲಡಿಯ ಮ್ಯಾಟ್ ಒದ್ದೆಯಾಗಿದೆಯೇ, ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚು ತೇವವಾಗಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಒಂದೇ ಗುರುತು, ಎರಡು ಕಾರಣ. ಯಾವುದೆಂದು ನಿಶ್ಚಯವಾಗದೆ ಬಾಟಲಿಯ ಮುಚ್ಚಳ ತೆರೆಯುವುದು ಉತ್ತರ ಬರುವ ಮೊದಲೇ ಪ್ರಶ್ನೆಯನ್ನು ಮುಚ್ಚಿದಂತೆ.

ಮಟ್ಟ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಕಣ್ಣಿಗೆ ಕಂಡದ್ದನ್ನೇ ನೆಚ್ಚಿದರೆ ಸಾಲದು. ಡಾಟ್ 3, ಡಾಟ್ 4 ದರ್ಜೆಯ ಆಯಿಲ್‌ಗಳು ಗಾಳಿಯ ತೇವವನ್ನು ಹೀರುತ್ತವೆ. ಡಾಟ್ 4ಕ್ಕೆ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಸುಮಾರು ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಅದು 155ಕ್ಕೆ ಇಳಿದರೂ ಮಾನದಂಡ ಒಪ್ಪುತ್ತದೆ. ನೀರು ಸೇರಿದ್ದು ಡಬ್ಬಿಯ ಹೊರಗಿನಿಂದ ಕಾಣದು. ಬಣ್ಣ ಕಪ್ಪಾದರೆ ಸಂಶಯಪಡಲು ಕಾರಣವಿದೆ, ತಿಳಿಯಾಗಿದ್ದರೆ ನಿಶ್ಚಿಂತೆಗೆ ಕಾರಣವಿಲ್ಲ. ಆದ್ದರಿಂದಲೇ ಹಲವು ಕಂಪನಿಗಳು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ, ಸೀಲ್ ಒಡೆಯದ ಬಾಟಲಿಯಿಂದಲೇ ಹಾಕಬೇಕು. ಸಿಲಿಕೋನಿನ ಡಾಟ್ 5 ಇವುಗಳ ಜೊತೆ ಬೆರೆಯದು. ಡಾಟ್ 3, ಡಾಟ್ 4 ಚೆಲ್ಲಿದರೆ ಕಾರಿನ ಪೇಂಟ್ ಏಳುತ್ತದೆ, ಕೂಡಲೇ ನೀರಿನಿಂದ ತೊಳೆಯಬೇಕು.

ಪರೀಕ್ಷಿಸದೆ ನಂಬಬಾರದು ಎಂಬ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಂಭೀರವಾದದ್ದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್‌ನದು. ಪ್ರಮಾಣ ಸಿಗುವ ತನಕ ನಂಬದೆ ಕಾಯುವವನು ಬದುಕಿನ ದೊಡ್ಡ ಸತ್ಯಗಳನ್ನೇ ಕಳೆದುಕೊಂಡಾನು ಎಂದು ಅವನು 1896ರಲ್ಲಿ ಕ್ಲಿಫರ್ಡ್‌ಗೆ ಉತ್ತರಿಸಿದ. ದೇವರ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ ಎಂದೇ ನನ್ನ ಎಣಿಕೆ. ಆದರೆ ಜೇಮ್ಸ್ ಆ ಸ್ವಾತಂತ್ರ್ಯ ಕೊಟ್ಟದ್ದು ಬುದ್ಧಿಯ ಪ್ರಮಾಣದಿಂದ ತೀರ್ಮಾನವಾಗದ ವಿಷಯಗಳಿಗೆ. ಟಾರ್ಚು ಹಿಡಿದು ಬಗ್ಗಿದರೆ ತೀರ್ಮಾನವಾಗುವ ವಿಷಯಕ್ಕೆ ಅದು ಅನ್ವಯಿಸದು. ಆಯುಧಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿಯುವುದನ್ನು ಈ ಪರೀಕ್ಷೆಯ ಎದುರು ನಿಲ್ಲಿಸಬೇಕಾಗಿಯೂ ಇಲ್ಲ. ಆ ಹಬ್ಬದಲ್ಲಿ ಹತಾರಗಳನ್ನು ಮೊದಲು ಕೆಳಗಿಳಿಸಿ, ಒರೆಸಿ, ತೊಳೆದು ಆಮೇಲೆ ಪೂಜೆಗೆ ಇಡುತ್ತಾರೆ. ಒರೆಸುವ ಕೈಗೆ ಬಿರುಕು ತಾಗುತ್ತದೆ. ದೈವದ ಮೇಲಿನ ಭರವಸೆ ಪರೀಕ್ಷೆಯ ನಂತರ ಬಂದರೆ ಭಕ್ತಿ. ಪರೀಕ್ಷೆಯನ್ನು ತಪ್ಪಿಸಲು ಬಂದರೆ ಅದು ಆ ಹಡಗಿನ ಮಾಲೀಕನ ನಂಬಿಕೆ.

ಎಲ್ಲರೂ ಮೆಕ್ಯಾನಿಕ್ ಆಗಲಾರರಲ್ಲ ಎಂಬುದು ಇನ್ನೊಂದು ಮಾತು. ಅದು ನಿಜ. ಸೋರಿಕೆಯಿಂದ ಕೊಳವೆಯೊಳಗೆ ಸೇರಿದ ಗಾಳಿ ತೆಗೆಯಲು ಸಾಮಾನ್ಯವಾಗಿ ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಕೆಳಗೆ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಅದನ್ನು ಮನೆಯಲ್ಲಿ ಮುಟ್ಟಲಾಗದು. ಯೋಗ್ಯತೆ ಮೀರಿದ ಕರ್ತವ್ಯವನ್ನು ಯಾರ ಮೇಲೂ ಹೊರಿಸಲಾಗದು. ಆದರೆ ಮಟ್ಟವನ್ನು ನೋಡಿ ತಾರೀಖಿನೊಂದಿಗೆ ಬರೆದಿಡಲು, ತಿಂಗಳ ನಂತರ ಮತ್ತೆ ನೋಡಿ ಹೋಲಿಸಲು ವಿಶೇಷ ವಿದ್ಯೆ ಬೇಕಿಲ್ಲ. ಗ್ಯಾರೇಜಿಗೆ ಹೋದಾಗ "ಸ್ವಲ್ಪ ಆಯಿಲ್ ಹಾಕಿಬಿಡಿ" ಎನ್ನುವ ಬದಲು "ಒಂದು ತಿಂಗಳಲ್ಲಿ ಇಷ್ಟು ಇಳಿದಿದೆ, ಎಲ್ಲಿ ಹೋಯಿತು ನೋಡಿ" ಎನ್ನಬಹುದು. ಕಾರನ್ನು ಮಾರುವಾಗಲೂ ಆ ಬರಹವನ್ನು ಕೊಳ್ಳುವವರ ಕೈಗೆ ಕೊಡಬೇಕು, ಅವರಾಗಿ ಕೇಳದಿದ್ದರೂ.